ಬಣ್ಣ ಹಿಡಿಯದ ಹಲಗೆ

ಬಿಳಿಕೆರೆಯ ಹೆದ್ದಾರಿ ಬದಿಯಲ್ಲಿ ಸುನಂದಮ್ಮನ ನರ್ಸರಿ ಇದೆ. ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವವರು ಕಾರು ನಿಲ್ಲಿಸಿ ಗುಲಾಬಿ, ದಾಸವಾಳ, ನಿಂಬೆ ಸಸಿ ಕೊಂಡುಹೋಗುತ್ತಾರೆ. ಹೊಗೆಸೊಪ್ಪು ಬೆಳೆಯುತ್ತಿದ್ದ ಮನೆಯ ಸೊಸೆ ಹೂವಿನ ಗಿಡ ಮಾರುವುದಕ್ಕೆ ಹೇಗೆ ಬಂದಳು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ ಅದು.

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಹೊಲದ ಮೂಲೆಯಲ್ಲೊಂದು ಬ್ಯಾರನ್ ಇತ್ತು, ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಒಳಗೆ ಒಂದರ ಮೇಲೊಂದು ಅಡ್ಡತೊಲೆಗಳು. ಮೈದುನ ಗೌರೀಶ ಅವುಗಳ ಮೇಲೆ ಕಾಲಿಟ್ಟು ಹತ್ತಿ, ಎಲೆ ಪೋಣಿಸಿದ ಕಡ್ಡಿಗಳನ್ನು ನೇತುಹಾಕುತ್ತಿದ್ದ. ಕೆಳಗಿನಿಂದ ಎತ್ತಿಕೊಡುವುದು ಸುನಂದಮ್ಮನ ಕೆಲಸ. ಒಂದು ದಿನ ಮೇಲಿನಿಂದ "ಅತ್ಗೆ, ಇನ್ನೊಂದ್ ಕೊಡಿ" ಅಂದ. ಅವಳು ಎತ್ತಿದಳು. ಕಡ್ಡಿ ತೆಗೆದುಕೊಳ್ಳುವ ಕೈ ಬರಲಿಲ್ಲ. ಕಾಲು ಜಾರಿ ಬಿದ್ದವನಿಗೆ ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತು.

ಗಂಡ ಚಲುವಯ್ಯ ಆಮೇಲೆ ಹೊಗೆಸೊಪ್ಪು ಬೆಳೆಯಲಿಲ್ಲ. ಬ್ಯಾರನ್ ಕೆಡವಿಸಿ, ಅದರ ಬಾಗಿಲು, ಅಟ್ಟದ ಹಲಗೆ, ತೊಲೆ ಎಲ್ಲವನ್ನೂ ಹಿತ್ತಿಲಲ್ಲಿ ತಗಡಿನ ಕೆಳಗೆ ಪೇರಿಸಿಟ್ಟ. ಮಾರಲೂ ಇಲ್ಲ, ಒಲೆಗೆ ಹಾಕಲೂ ಬಿಡಲಿಲ್ಲ. ತಮ್ಮನ ಹೆಸರನ್ನು ಮಾತ್ರ ಬಾಯಿಗೆ ತರಲಿಲ್ಲ. ಮಗ ರಘು ಚಿಕ್ಕಪ್ಪನನ್ನು ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ.

ಈ ಬೇಸಿಗೆಯಲ್ಲಿ ಗುದ್ದಲಿ, ಪೈಪು, ಗೊಬ್ಬರದ ಚೀಲ ಇಡಲು ನರ್ಸರಿಯಲ್ಲೊಂದು ಮರದ ಶೆಡ್ಡು ಬೇಕೆಂದು ರಘು ಹಟ ಹಿಡಿದ.

"ಅಪ್ಪಾ, ಹಿತ್ಲಲ್ಲಿರೋ ಮರ ತಕ್ಕೊಳ್ಲಾ?"

ಉಣ್ಣುತ್ತಿದ್ದ ಚಲುವಯ್ಯ ತಲೆ ಎತ್ತಲಿಲ್ಲ. "ತಕ್ಕೊ," ಅಂದ. ಸುನಂದಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಶೆಡ್ಡು ಎದ್ದಿತು. ಹಳೆಯ ಬಾಗಿಲೇ ಬಾಗಿಲಾಯಿತು, ತೊಲೆಗಳು ಸೂರಿನ ಕೆಳಗೆ ಅಡ್ಡಡ್ಡ ಕೂತವು. ಮೊದಲ ಮಧ್ಯಾಹ್ನ ಸುನಂದಮ್ಮ ಗೊಬ್ಬರ ತೆಗೆಯಲು ಒಳಗೆ ಹೋದಾಗ ನೆತ್ತಿಯ ಮೇಲೆ ಕಿರ್ ಎಂದಿತು. ಬಿಸಿಲಿಗೆ ಮರ ಹಿಗ್ಗಿದರೆ ಸದ್ದು ಬರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದು ಯಾರೋ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ ಸದ್ದಿನಂತಿತ್ತು. ಜೊತೆಗೆ ಆ ವಾಸನೆ, ಬೆಂದ ಎಲೆಯ ಸಿಹಿ ಘಾಟು. ಅವಳ ಬಲಗೈ ತಾನಾಗಿಯೇ ಮೇಲಕ್ಕೆ ಎದ್ದಿತ್ತು, ಏನನ್ನೋ ಕೊಡುವವಳ ಹಾಗೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

"ಪೇಂಟ್ ಒಡಸ್ಬುಡು ರಘು. ಬಿಳೀದು," ಅಂದಳು. "ಒಳಗೂ ಒರಗೂ."

ಹುಣಸೂರಿನಿಂದ ಪೇಂಟರ್ ಮಾದೇಶ್ ಬಂದ. ಉಪ್ಪುಕಾಗದ ಹಾಕಿ ಉಜ್ಜಿ ಬಿಳಿ ಬಳಿದ. ಸಂಜೆಗೆ ಶೆಡ್ಡು ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಬೆಳಿಗ್ಗೆ ನೋಡಿದರೆ ಬಾಗಿಲ ಮೇಲೆ, ತೊಲೆಗಳ ಮೇಲೆ ಕಂದು ಕಲೆ ಎದ್ದಿತ್ತು. ಉದ್ದುದ್ದ, ಒದ್ದೆ ಬೆರಳೆಳೆದ ಗೀರುಗಳಂತೆ. ಮಾದೇಶ್ ಇನ್ನೊಂದು ಕೋಟು ಕೊಟ್ಟ. ಕಲೆ ಅದನ್ನೂ ದಾಟಿ ಬಂತು, ಅದೇ ಜಾಗಗಳಲ್ಲಿ.

"ಒಗೆಸೊಪ್ಪಿನ ಜಿಡ್ಡು ಕಣಕ್ಕ," ಮಾದೇಶ್ ಉಗುರಿನಿಂದ ಕೆರೆದು ಮೂಸಿದ. "ಎಷ್ಟು ವರ್ಸದ ಒಗೆ ಕುಡ್ದದೋ ಮರ. ಪೇಂಟ್ ನೀರು ತಾಕ್ತಿದ್ದಂಗೆ ಮ್ಯಾಕ್ ಬತ್ತದೆ. ಅರಗಿನ ಪಾಲಿಶ್ ಒಂದು ಕೋಟ್ ಕೊಟ್ಟು ಮ್ಯಾಲೆ ಪೇಂಟ್ ಒಡುದ್ರೆ ಮುಗೀತು. ವಾಸ್ನೆನೂ ಆಚಿಕ್ ಬರಕ್ಕಿಲ್ಲ. ಒಳಗಿಂದು ಒಳಗೇ ಇರ್ತದೆ."

ಒಳಗಿಂದು ಒಳಗೇ. ಅವಳಿಗೆ ಬೇಕಾಗಿದ್ದೂ ಅದೇ. "ನಾಳೆ ತಂದ್ಬುಡು," ಅಂದಳು. ಅಂದ ಮೇಲೆ ಗಿಡಗಳಿಗೆ ನೀರು ಬಿಡುತ್ತಾ ನಿಂತರೂ ಮನಸ್ಸು ನಿಲ್ಲಲಿಲ್ಲ. ಉಸಿರಾಡುವವನ ಮುಖಕ್ಕೆ ಬಟ್ಟೆ ಕಟ್ಟಲು ಹೇಳಿದವಳಂತೆ ಒಳಗೊಳಗೇ ಕಸಿವಿಸಿ.

ಮಾರನೆಯ ದಿನ ಮಧ್ಯಾಹ್ನ ಅವಳು ಬುತ್ತಿ ಹಿಡಿದು ನರ್ಸರಿಗೆ ಬಂದಾಗ ಮಾದೇಶ್ ಇನ್ನೂ ಬಂದಿರಲಿಲ್ಲ. ರಘು ಕೊಪ್ಪಕ್ಕೆ ಸಸಿ ಕೊಡಲು ಹೋಗಿದ್ದ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಿರ್ ಎಂದಿತು. ಆಮೇಲೆ ಏನೋ ಕೆರೆಯುವ ಸದ್ದು, ಬಿಟ್ಟು ಬಿಟ್ಟು, ಎತ್ತರದಿಂದ.  ಅವಳು ಬಾಗಿಲ ಹತ್ತಿರ ಹೋದಳು.

"ಗೌರೀಶಾ?" ಅಂದುಬಿಟ್ಟಳು.

ಕೆರೆಯುವುದು ನಿಂತಿತು.

"ನಾನು ಕಣೆ," ಎಂದಿತು ಗಂಡನ ದನಿ.

ಚಲುವಯ್ಯ ಸ್ಟೂಲಿನ ಮೇಲೆ ನಿಂತಿದ್ದ. ಕೈಯಲ್ಲಿ ಪೇಂಟರ್ ಬಿಟ್ಟುಹೋಗಿದ್ದ ತಗಡಿನ ಪಟ್ಟಿ. ತಲೆ, ರೆಪ್ಪೆ, ಮೀಸೆಯ ಮೇಲೆಲ್ಲ ಬಿಳಿ ಪುಡಿ. ಮುಖ್ಯ ತೊಲೆಯ ಬಣ್ಣವನ್ನು ಅರ್ಧ ಕೆರೆದು ತೆಗೆದಿದ್ದ.

"ನಿಂಗೂ ಕೇಳ್ತದಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

"ನಂಗೆ ಇತ್ಲಲ್ಲಿ ಪೇರ್ಸಿದ್ದಾಗ್ಲೂ ಕೇಳ್ತಿತ್ತು. ಅದ್ಕೇ ಯಾರ್ಗೂ ಕೊಡ್ಲಿಲ್ಲ." ಅವನ ಅಂಗೈ ತೊಲೆಯ ಮೇಲೇ ಇತ್ತು. "ಮುಚ್ಬ್ಯಾಡ ಸುನಂದಾ. ಅವ್ನು ಕೊನೆಗೆ ಇಡ್ಕಂಡಿದ್ದು ಇದ್ನೇ."

ಸುನಂದಮ್ಮ ಬುತ್ತಿ ಕೆಳಗಿಟ್ಟು ಬಾಗಿಲಿಗೆ ಒರಗಿ ಅತ್ತಳು. ಅವನು ಸ್ಟೂಲಿನಿಂದ ಇಳಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಅಳು ತಗ್ಗಿದ ಮೇಲೆ, "ಅಲ್ಲೊಂದು ಪಟ್ಟಿ ಬಿದ್ದದೆ ನೋಡು," ಅಂದ. ಇಬ್ಬರೂ ಕೆರೆಯತೊಡಗಿದರು.

ಅರಗಿನ ಡಬ್ಬಿ ಹಿಡಿದು ಬಂದ ಮಾದೇಶ್ ಇವರನ್ನು ನೋಡಿ ಬಾಗಿಲಲ್ಲೇ ನಿಂತ. ಏನು ಅರ್ಥವಾಯಿತೋ, "ಅಂಗಾದ್ರೆ ಅಗಸೆ ಎಣ್ಣೆ ಒರ್ಸಿ," ಅಂದ. "ಮಳೆಗೆ ಮರ ಕೆಡಕ್ಕಿಲ್ಲ. ಪೇಂಟಿನಂಗೆ ಬಾಯಿ ಕಟ್ಟಕ್ಕಿಲ್ಲ. ವರ್ಸ ವರ್ಸ ಒರುಸ್ಬೇಕು, ಅಷ್ಟೇಯ. ಆದ್ರೆ ವಾಸ್ನೆ ಇರ್ತದೆ ಕಣಕ್ಕ."

"ಇರ್ಲಿ ಬುಡು," ಎಂದಳು ಸುನಂದಮ್ಮ.

ಬಣ್ಣವೆಲ್ಲ ಹೋದ ಮೇಲೆ ಗಂಡಹೆಂಡಿರೇ ಎಣ್ಣೆ ಹಚ್ಚಿದರು. ಬಟ್ಟೆ ಆಡಿದಲ್ಲೆಲ್ಲ ಮರ ಜೇನಿನ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಎಳೆ ಎಳೆಯಾಗಿ ಎದ್ದು ಕಂಡಿತು. ಘಾಟು ಗಂಟಲು ಹಿಡಿಯುವಷ್ಟು ಏರಿತು. ಎಣ್ಣೆ ಆರಲೆಂದು ಬಾಗಿಲು ತೆರೆದಿಟ್ಟು ಹೊರಗೆ ಗುಲಾಬಿ ಕುಂಡಗಳ ನಡುವೆ ಕೂತರು. ರಘುವೂ ಬಂದು ಕೂತ.

ಚಲುವಯ್ಯ ಮಗನ ಕಡೆ ತಿರುಗಿದ. "ಲಕ್ಷ್ಮಣತೀರ್ಥದಲ್ಲಿ ನಿಮ್ ಚಿಕ್ಕಪ್ಪ ಈಜ್ತಿದ್ದುದ್ನ ನೀನು ನೋಡ್ಬೇಕಿತ್ತು ಕಣ್ಲಾ. ನಾನು ದಡದಲ್ಲಿ ನಿಂತ್ಕಂಡು ಬೈಯ್ತಿದ್ದೆ. ಅವ್ನು ನೀರೊಳಿಕ್ ಮುಳುಗ್ಬುಟ್ಟು ಎಷ್ಟೊತ್ತಾದ್ರೂ ಮ್ಯಾಕ್ ಏಳ್ತಿರ್ಲಿಲ್ಲ. ನಾನು ಎದ್ರಿ ಕೂಗ್ಕಂಡ್ರೆ ಅಕಡೆ ದಡದಲ್ಲಿ ಕುಂತ್ಕಂಡು ನಗ್ತಿದ್ದ, ಬಡ್ಡೀಮಗ."

ಅಷ್ಟು ಹೇಳಿ ಅವನು ತಾನೂ ನಕ್ಕ.