ನಾಲ್ಕು ಉಂಡೆ ನೂಲು

ಟಿರ್ರ್... ತೆಂಗಿನ ಕರಟದೊಳಗೆ ತಕಲಿ ತಿರುಗುವ ಸದ್ದು. ಅಕ್ಕನ ತಕಲಿಯದು ಒರಟು, ನನ್ನದು ಸ್ಮೂತ್. ಅಥವಾ ತಿರುಗುಮುರುಗಾಗಿ ಹೇಳುತ್ತಿದ್ದೇನೋ ಏನೋ, ಈಗ ಯಾವುದೂ ಶೂರ್ ಇಲ್ಲ.

ಅಂಕೋಲೆಯಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ನಾವಿಬ್ಬರು ಮುದುಕಿಯರು ನೂಲು ತೆಗೆಯುತ್ತಿದ್ದೆವು. ನಾನು ಕಾರವಾರದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಿತ್ತಲಿನ ಬಾಳೆದಿಂಡಿನ ನಾರನ್ನು ಬೇಯಿಸಿ, ಒಣಗಿಸಿ, ತುಂಡು ಮಾಡಿ ಹತ್ತಿಯೊಂದಿಗೆ ಹಿಂಜುವುದು ಅವಳ ಐಡಿಯಾ. ಬರೀ ನಾರು ಚುಚ್ಚುತ್ತದೆ, ಬರೀ ಹತ್ತಿಗೆ ಆ ಹೊಳಪಿಲ್ಲ. ಅವಳ ಮೊಮ್ಮಗಳು ಬಸುರಿ. ಹುಟ್ಟುವ ಮಗುವಿನ ಹೊದಿಕೆ ನಮ್ಮಿಬ್ಬರ ಎಳೆ ಸೇರಿಸಿ ಹೊಸೆದ ನೂಲಿನದೇ ಆಗಬೇಕೆಂದು ಅಕ್ಕನ ಹಟ.

ಮೊದಲ ಸಲ ಜೋಡಿಸಿ ಹೊಸೆದಾಗ ಒಂದು ಎಳೆ ಬಿಗಿದು ಗಂಟುಗಂಟಾಯಿತು, ಇನ್ನೊಂದು ಹುರಿ ಬಿಚ್ಚಿ ಉದುರಿತು.

"ಎಂತ ನೂಲೇ ಇದು? ಬೆಕ್ಕಿನ ಬಾಲದ ಹಾಂಗೆ!" ಎಂದಳು ಅಕ್ಕ.

"ಬಿಚ್ಚಿದ್ದು ನಿಂದು. ಪ್ರಾಪರ್ ಆಗಿ ನೋಡು."

"ಹೋಗೇ, ಪ್ರಾಪರ್ ಬಾಯಿ!"

ಆಗ ಅವಳ ಕೈ ನೋಡಿದೆ. ಅಕ್ಕ ಎಡಚಿ. ಕಾನ್ವೆಂಟಿನಲ್ಲಿ ಸಿಸ್ಟರ್ ಅವಳ ಎಡಗೈಯನ್ನು ಬೆನ್ನ ಹಿಂದೆ ಇಡಿಸಿ ಬಲಗೈಯಲ್ಲಿ ಬರೆಸಿದ್ದರು. ಹ್ಯಾಂಡ್‌ರೈಟಿಂಗ್ ಬಲಕ್ಕೆ ಹೋಯಿತು. ತಕಲಿ ಹಿಡಿದರೆ ಮಾತ್ರ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ಅವಳ ಹುರಿ ಎಡಕ್ಕೆ, ನನ್ನದು ಬಲಕ್ಕೆ. ಎರಡು ಎಳೆಗಳ ಹುರಿಯೂ ಒಂದೇ ಕಡೆಯದಾಗದೆ ಜೋಡಿ ನಿಲ್ಲುವುದಿಲ್ಲ.

ಇನ್ನೊಮ್ಮೆ ಅವಳ ಕೈ ಬದಲಿಸುವುದೇ? ಮನಸ್ಸಾಗಲಿಲ್ಲ. ಕಾರವಾರದಲ್ಲಿ ಕೂತು, ಯಾರಿಗೂ ಹೇಳದೆ, ನಾನೇ ಎಡಕ್ಕೆ ತಿರುಗಿಸಲು ಕಲಿತೆ. ಬೆರಳು ಮಾತು ಕೇಳದು. ಕೊನೆಗೂ ಒಂದು ಉಂಡೆಯಾಯಿತು. ಸರ್‌ಪ್ರೈಸ್ ಎಂದು ಒಯ್ದೆ.

ನಾನು ಚೀಲ ಬಿಚ್ಚುವ ಮೊದಲೇ ಅಕ್ಕ ಒಂದು ಉಂಡೆ ತಂದಿಟ್ಟಳು. "ನಿನ್ ಹಾಂಗೇ ಬಲಕ್ಕೆ ತಿರುಗ್ಸಿದ್ದೆ ನೋಡು. ಸಿಸ್ಟರ್ ಇದ್ದಿದ್ರೆ ವೆರಿ ಗುಡ್ ಹಾಕ್ತಿದ್ರು."

ನನ್ನದನ್ನು ಕೈಗಿತ್ತೆ. ಎಳೆ ಎಳೆದು ನೋಡಿದಳು, ಮತ್ತೊಮ್ಮೆ ನೋಡಿದಳು. "ಅಯ್ಯೋ ಮಾರಾಯ್ತಿ, ನಿಂಗ್ಯಾರು ಹೇಳಿದ್ದು?"

"ನಿಂಗ್ಯಾರು ಹೇಳಿದ್ದು?"

ನಕ್ಕೆವೋ, ಜಗಳವಾಡಿದೆವೋ. ಎರಡೂ ಇರಬೇಕು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಮೊದಲ ಸಲ ಹೊಸೆಯದೆ ಉಳಿದಿದ್ದ ಹಳೆಯವೆರಡು, ಹೊಸವೆರಡು, ನಾಲ್ಕೂ ಉಂಡೆಗಳನ್ನು ಅವಳೇ ನನ್ನ ಒಂದೇ ಚೀಲಕ್ಕೆ ತುರುಕಿದಳು.

ಮಗು ಹುಟ್ಟುವ ಮೊದಲೇ ಅಕ್ಕ ಹೋದಳು.

ತುಂಬ ದಿನ ಚೀಲ ಬಿಚ್ಚಲಿಲ್ಲ. ಬಿಚ್ಚಿದಾಗ ಹೊಳೆಯಿತು: ಎಡದ ಹುರಿಯವು ಎರಡು, ಬಲದವು ಎರಡು. ಎಡಕ್ಕೆ ಎಡ, ಬಲಕ್ಕೆ ಬಲ ಸೇರಿಸಿದರೆ ಪ್ರತಿ ಜೋಡಿಯಲ್ಲೂ ಒಂದು ಅವಳದು, ಒಂದು ನನ್ನದು. ಸ್ಟುಪಿಡ್, ಅವತ್ತೇ ಇದು ತಲೆಗೆ ಬರಬಾರದಿತ್ತೇ? ಜೋಡಿಗಳನ್ನು ಹುರಿಯ ಎದುರು ದಿಕ್ಕಿಗೆ ಹೊಸೆಯುವ ಮೊದಲು ಅವಳ ನೂಲನ್ನು ಒಂದು ಮೊಳವಾದರೂ ತೆಗೆದಿಡೋಣವೆಂದುಕೊಂಡೆ. ಯಾವುದು ಅವಳದು? ಬೆಳಕಿಗೆ ಹಿಡಿದೆ, ಕೆನ್ನೆಗೆ ಒತ್ತಿಕೊಂಡೆ. ತಿಳಿಯಲಿಲ್ಲ. ಎಲ್ಲವನ್ನೂ ಹೊಸೆದು ಹೊದಿಕೆ ನೇಯಲು ಕೊಟ್ಟೆ. ಈ ಸಲ ನೂಲು ಬಿಚ್ಚದೆ ನಿಂತಿತು.

ಅವಳನ್ನು ಕೊನೆಯ ಸಲ ನೋಡಿದ್ದು ಉಂಡೆಗಳನ್ನು ತುರುಕಿಕೊಟ್ಟ ಆ ದಿನವೇ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ. ಕಿಟಕಿಯಿಂದ ಚೀಲ ಕೊಟ್ಟು, "ಜೋಪಾನ ಗೋ. ಮುಂದಿನ ಸಲ ಬರೂವರೆಗೆ ಕೈ ಬದಲ್ಸಬೇಡ" ಎಂದಳು. ಬಸ್ಸು ಹೊರಟಿತು. ಅವಳು ಕೈ ಬೀಸಿದಳು. ಯಾವ ಕೈ ಎಂದು ನೆನಪಿಸಿಕೊಳ್ಳುತ್ತಲೇ ಇದ್ದೇನೆ.