ಹಿಜ್ಕೀಯನ ಹುಣ್ಣು

ಅಮ್ಮನ ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಕಾಯಿಲೆ. ಬೇಗ ಬಂದರೆ ಬೆರಳೊಂದನ್ನೇ ತೆಗೀತೀವಿ, ತಡ ಮಾಡಿದರೆ ಪಾದ ಉಳಿಯಲ್ಲ ಎಂದು ವಿಜಯನಗರದ ಡಾಕ್ಟರು ಹೇಳಿದ್ದರು. ಅಮ್ಮ ಮನೆಗೆ ಬಂದು ಉಪವಾಸ ಪ್ರಾರ್ಥನೆಗೆ ಕೂತಳು. "ಕಾದಿರು ಅಂತ ದೇವರು ಹೇಳಿದ್ದಾನೆ. ವಿಧೇಯತೆ ಅಂದ್ರೆ ಅದೇ ಕಣೇ."

ದೇವರನ್ನು ನಂಬದ ನಾನು, ಎದುರಾಳಿಯ ಪುರಾವೆಯಿಂದಲೇ ಎದುರಾಳಿಯನ್ನು ಮಣಿಸುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು. ಕೆಂಗೇರಿ ಮೆಟ್ರೋದಲ್ಲಿ ಓಡಾಡುತ್ತಾ ಫೋನಿನಲ್ಲಿ ಬೈಬಲ್ ಓದಿದೆ. ಬೇಕಾದ್ದು ಸಿಕ್ಕಿದ ದಿನವೇ ಅಮ್ಮನ ಮುಂದೆ ವಾದ ಹೂಡಿದೆ. "ಹಿಜ್ಕೀಯ ರಾಜನಿಗೆ ವಾಸಿ ಮಾಡ್ತೀನಿ ಅಂತ ದೇವರೇ ಮಾತು ಕೊಟ್ಟಿದ್ದ. ಆದ್ರೂ ಹುಣ್ಣಿಗೆ ಅಂಜೂರ ಕಟ್ಟಿ ಅಂತ ಪ್ರವಾದಿ ಹೇಳ್ಲಿಲ್ವಾ? ಕಟ್ಟಿಸ್ಕೊಂಡ ರಾಜ ಅವಿಧೇಯನಾ?"

ಅಮ್ಮ ನಕ್ಕಳು. "ಇಷ್ಟು ವರ್ಷ ಓದು ಅಂದ್ರೆ ಓದ್ಲಿಲ್ಲ. ಈಗ ನನ್ನ ಸೋಲಿಸೋಕೆ ಓದಿದೀಯ."

"ಸೋಲಿಸೋಕಲ್ಲಮ್ಮ, ಉಳಿಸ್ಕೊಳ್ಳೋಕೆ."

"ಹಾಗಾದ್ರೆ ನನ್ನ ಹತ್ರ ಯಾಕೆ ವಾದ ಮಾಡ್ತೀಯ? ಅವನನ್ನ ಕೇಳು. ಮೊಣಕಾಲೂರು."

ಗಾಯದ ವಾಸನೆ ಆಗಲೇ ಕೋಣೆ ತುಂಬಿತ್ತು. ಮಂಚದ ಪಕ್ಕ ಮೊಣಕಾಲೂರಿದೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು ಈಗಲೂ ನಂಬುತ್ತೇನೆ. ಆದರೂ ಬೇಡಿದೆ. "ಇವಳನ್ನ ನನ್ ಜೊತೆ ಆಸ್ಪತ್ರೆಗೆ ಕಳಿಸು. ಇನ್ನೇನೂ ಕೇಳಲ್ಲ."

ಅಮ್ಮ ಆಮೆನ್ ಅಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ಆಶೀರ್ವಾದ ಅಂದುಕೊಂಡು ಕಣ್ಣು ಮುಚ್ಚಿದೆ. ಆ ಕೈ ಭಾರವಾಗುತ್ತಾ ಹೋಯಿತು. ಅಮ್ಮ ನನ್ನನ್ನು ಊರಿಕೊಂಡು ಏಳುತ್ತಿದ್ದಳು.

"ಆಟೋ ಕರಿ," ಅಂದಳು.