ಭಾವ ಸೋಲಲಿ ಎಂಬ ಹರಕೆ

ಕಳೆದ ಸೋಮವಾರ ಭದ್ರಾವತಿ ಹಳೇನಗರದ ನನ್ನ ತಂಗಿ ಗಿರಿಜೆಯ ಮನೆಗೆ ಒಂದು ತಂತಿ ಬಂತು. ಶಿವಮೊಗ್ಗದಿಂದ ಹೋಗಿದ್ದ ನಾನೇ ಒಡೆದು ಓದಿದೆ. "ಭಾವ ಗೆದ್ರು ಕಣೇ!"

ಗಿರಿಜೆ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ತಂತಿ, ಅದರ ಬೆನ್ನಿಗೇ ಅಳು. ನೆರೆಹೊರೆಯವರು ಏನೆಂದುಕೊಳ್ಳಬೇಕು? ಪಕ್ಕದ ಮನೆಯ ಸೆಲ್ವಿಯಮ್ಮ ಓಡಿ ಬಂದರು. "ಅಯ್ಯೋ, ಯಾರು ಹೋದ್ರು?"

"ಯಾರೂ ಹೋಗಿಲ್ಲಮ್ಮ, ಎಲೆಕ್ಷನ್ ಗೆದ್ದಿದ್ದಾರೆ" ಎಂದೆ. ಆಕೆ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು.

ವಿಷಯ ಇಷ್ಟೇ. ಭಾವ, ಅಂದರೆ ಗಿರಿಜೆಯ ಗಂಡ, ಭದ್ರಾವತಿಯಲ್ಲಿ ಕೆಲಸ ಕಲಿತ ಫಿಟ್ಟರ್. ಮೂರು ವರ್ಷದಿಂದ ಬೊಂಬಾಯಿಯಲ್ಲಿ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿದ್ದಾರೆ. ಒಂದು ಖೋಲಿಗೆ ಆರು ಜನ. ಹೆಂಡತಿಯನ್ನು ಕರೆಸಿಕೊಳ್ಳಲು ಜಾಗವೆಲ್ಲಿ? ಈ ಸಲ ಅಲ್ಲಿನ ಯೂನಿಯನ್ನಿನ ಸೆಕ್ರೆಟರಿ ಸ್ಥಾನಕ್ಕೆ ನಿಂತರು. ಸೋತರೆ ಕೆಲಸ ಬಿಟ್ಟು ಊರಿಗೇ ಬಂದುಬಿಡುತ್ತೇನೆ, ಗೆದ್ದರೆ ಇನ್ನೆರಡು ವರ್ಷ ಅಲ್ಲಾಡುವ ಹಾಗಿಲ್ಲ ಎಂದು ಬರೆದಿದ್ದರು.

ಅಂದಿನಿಂದ ಗಿರಿಜೆ ಗಂಡ ಸೋಲಲಿ ಎಂದು ಹರಕೆ ಹೊತ್ತಳು. ಎದುರಾಳಿ ಡಿಸೋಜರ ಹೆಸರಿನಲ್ಲಿ ಈಶ್ವರನ ಗುಡಿಯಲ್ಲಿ ಅರ್ಚನೆ ಮಾಡಿಸಿದಳು. (ಅರ್ಚಕರು ಗೋತ್ರ ಕೇಳಿದರಂತೆ. "ಬೊಂಬಾಯಿ" ಎಂದಳಂತೆ!)

ನಗಬೇಡಿ. ಕಾರ್ಖಾನೆಯ ಪಾಳಿ ಬಿಟ್ಟಾಗ ಆ ಬೀದಿಯಲ್ಲಿ ನೀವೊಮ್ಮೆ ನಿಲ್ಲಬೇಕು. ಮನೆಮನೆಯ ಮುಂದೂ ಒಂದೊಂದು ಸೈಕಲ್ ನಿಲ್ಲುತ್ತದೆ. "ಸೈರನ್ ಕೂಗಿದ್ರೆ ಎಲ್ರೂ ಬಾಗ್ಲು ತೆಗೀತಾರೆ. ನಾನು ಹಾಕ್ಕೋತೀನಿ" ಎಂದಿದ್ದಳು ಒಮ್ಮೆ. ಅಪರೂಪಕ್ಕೆ ವಿಮಾನದ ಸದ್ದು ಕೇಳಿದರೆ ಮಾತ್ರ ಒಲೆಯ ಮೇಲಿನ ಸಾರು ಬಿಟ್ಟು ಅಂಗಳಕ್ಕೆ ಓಡುತ್ತಾಳೆ. "ಇವ್ರು ಬಿಗಿದಿದ್ದು ಒಂದು ನಟ್ಟಾದ್ರೂ ಅದ್ರಲ್ಲಿ ಇರ್ಬೋದಲ್ವಾ ಅಣ್ಣಾ?"

ಇರಬಹುದು ಎನ್ನುತ್ತೇನೆ.

ಆ ಶೆಡ್ಡಿನಲ್ಲಿ ಕನ್ನಡದವರು ಬಹಳ. ಅವರಿಗಾಗಿ ಒಂದು ಹ್ಯಾಂಡ್‌ಬಿಲ್ ಬರೆದು, ಶಿವಮೊಗ್ಗದಲ್ಲೇ ಅಚ್ಚು ಹಾಕಿಸಿ ಕಳಿಸಿ ಎಂದು ಭಾವ ನನಗೆ ಕಾಗದ ಹಾಕಿದರು. ಗಿರಿಜೆಗೆ ಗೊತ್ತಾಯಿತು. "ನಿನ್ನ ದಮ್ಮಯ್ಯ, ಕೆಟ್ಟದಾಗಿ ಬರಿ ಮಾರಾಯ" ಎಂದಳು. ಹೂಂ ಎಂದೆ.

ಎಷ್ಟು ಸುಲಭದ ಕೆಲಸ! ಆದರೆ ನನ್ನ ಹಾಗೆ ಪತ್ರಿಕೆಗೆ ಬರೆಯುವವರ ಜಂಬ ನಿಮಗೆ ಗೊತ್ತಲ್ಲ? ಸಂಸಾರಸ್ಥರಿಗೆ ಕ್ವಾರ್ಟರ್ಸ್ ಬೇಕು ಎಂಬುದೇ ಭಾವನ ಮುಖ್ಯ ಬೇಡಿಕೆ. ಆ ಸಾಲಿಗೆ ಬಂದಾಗ ಕೈ ನನ್ನ ಮಾತು ಕೇಳಲಿಲ್ಲ.

ತಂತಿಯಲ್ಲಿ ಇನ್ನೊಂದು ಮಾತೂ ಇತ್ತು: ಗೆಲ್ಲಿಸಿದ್ದು ಹ್ಯಾಂಡ್‌ಬಿಲ್. ಅದನ್ನು ನುಂಗಿಕೊಳ್ಳಬಹುದಿತ್ತು. ಆಗಲಿಲ್ಲ. (ಹೊಗಳಿಕೆ ನೋಡಿ!) ಓದಿಯೇಬಿಟ್ಟೆ.

ಗಿರಿಜೆ ಕಣ್ಣೊರೆಸಿಕೊಂಡಳು. "ಅಂಥಾದ್ದು ಏನು ಬರ್ದಿದ್ದೆ? ಓದು."

ಜೇಬಿನಲ್ಲೊಂದು ಪ್ರತಿ ಇತ್ತು. ಇಲ್ಲದೆ ಇರುತ್ತದೆಯೇ? ಓದಿದೆ: "ಸೈರನ್ ಕೂಗಿದರೆ ಊರಿನವರೆಲ್ಲ ಬಾಗಿಲು ತೆಗೆಯುತ್ತಾರೆ. ನಮ್ಮ ಹೆಂಡಿರು ಮಾತ್ರ ಹಾಕಿಕೊಳ್ಳುತ್ತಾರೆ."

ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಾಲನ್ನು ತಾನೇ ಓದಿದಳು. ನಾನು ತಲೆಯೆತ್ತಲಿಲ್ಲ.

"ನನ್ನ ಮಾತು ಯಾಕೆ ತಗೊಂಡೆ? ವಾರ ವಾರ ಪೇಪರಿಗೆ ಬರೀತೀಯಲ್ಲ, ಹಾಗೇ ಬರ್ದಿದ್ರೆ ಸಾಕಿತ್ತಲ್ಲಣ್ಣಾ!"